ನೇಯ್ದರೋ, ನೇಯುತ್ತ ಬಂದಿದ್ದಾರೋ?

ಒಂದು ಅರ್ಜಿಯ ಪ್ರಸಂಗದಿಂದಲೇ ಈ ಮಾತನ್ನು ಆರಂಭಿಸುತ್ತೇನೆ.

ಬನಹಟ್ಟಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹಿರಿಯ ನೇಕಾರರೊಬ್ಬರಿದ್ದರು. ನನಗಿಂತ ವಯಸ್ಸಿನಲ್ಲಿ ದೊಡ್ಡವರಾದುದರಿಂದ ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಅವರ ಬಾಯಲ್ಲಿ ನಾನು ಮಾಸ್ತರ. ಹದಿನೆಂಟನೆಯ ವಯಸ್ಸಿಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ಆ ಮನುಷ್ಯ ನಲವತ್ತು ವರ್ಷ ಕಳೆದರೂ ಅಲ್ಲಿಂದ ಎದ್ದಿರಲಿಲ್ಲ. ಸುತ್ತಲಿನ ಮನೆಗಳಿಗೆ ವಿದ್ಯುತ್ ಮಗ್ಗಗಳು ಬಂದು ಅವುಗಳ ಸದ್ದೇ ಓಣಿಯನ್ನೆಲ್ಲ ತುಂಬಿಕೊಂಡ ಮೇಲೂ ಕಾಕಾ ಅವರ ಲಾಳಿ ತನ್ನ ಹಳೆಯ ಗತಿಯಲ್ಲಿಯೇ ಅತ್ತಿಂದಿತ್ತ ಓಡಾಡುತ್ತಿತ್ತು. ಕೈಮಗ್ಗದವರಿಗೆ ಒಂದಿಷ್ಟು ನೆರವು ದೊರೆಯುವ ಯೋಜನೆಯೊಂದು ಇದೆಯೆಂದು ಅವರ ಮಗ ಎಲ್ಲಿಯೋ ಕೇಳಿಕೊಂಡು ಬಂದ. ಕಚೇರಿ ದೂರದ ಊರಿನದು. ಅರ್ಜಿ ಇಂಗ್ಲಿಷಿನಲ್ಲಿ ಇರಬೇಕು. ಓಣಿಯಲ್ಲಿ ಇಂಗ್ಲಿಷ್ ಮಾಸ್ತರನೊಬ್ಬ ಇರುವಾಗ ಬರೆಯುವವರಿಗಾಗಿ ಬೇರೆಲ್ಲಿ ಹುಡುಕುವುದು? ನಾನೇ ಬರೆದುಕೊಟ್ಟೆ. ಅದರಲ್ಲಿನ ಒಂದು ವಾಕ್ಯ ಹೀಗಿತ್ತು: ‘ಹೀ ವೋವ್ ಸ್ಯಾರೀಸ್ ಆನ್ ದಿ ಹ್ಯಾಂಡ್‌ಲೂಮ್ ಫಾರ್ ಫಾರ್ಟಿ ಇಯರ್ಸ್.’

ಎರಡು ತಿಂಗಳ ತರುವಾಯ ಉತ್ತರ ಬಂದಿತು. ಈ ನೆರವು ಸದ್ಯ ನೇಯುತ್ತಿರುವವರಿಗೆ ಮಾತ್ರ ಮೀಸಲು. ನೇಕಾರಿಕೆಯನ್ನು ಬಿಟ್ಟವರಿಗೆ ಅನ್ವಯಿಸುವುದಿಲ್ಲ. ಕಾಗದವನ್ನು ಓದಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು: ‘ಮಾಸ್ತರ್ರ, ನಾ ಇನ್ನೂ ಕುಣ್ಯಾಗ ಕಾಲ ಇಟಗೊಂಡ ಕುಂತೀನಿ. ನೀವ್ಯಾಕ ನನ್ನ ಎಬ್ಬಿಸಿಬಿಟ್ರಿ?’

ಅವರನ್ನು ಎಬ್ಬಿಸಿದ್ದು ಕಚೇರಿಯಲ್ಲ, ನಾನು. ನಾನು ಬರೆದ ‘ವೋವ್’ ಎಂಬ ಒಂದೇ ಒಂದು ಪದ. ಅದರ ರೂಪದಲ್ಲಿ ಯಾವ ದೋಷವೂ ಇರಲಿಲ್ಲ. ಅದು ಶುದ್ಧವಾದ, ನಿಘಂಟು ಒಪ್ಪುವ, ಪರೀಕ್ಷಕನು ಪೂರ್ಣ ಅಂಕ ಕೊಡುವ ರೂಪ. ಆದರೆ ಇಂಗ್ಲಿಷ್ ಬಲ್ಲ ಓದುಗನ ಕಿವಿಗೆ ಆ ವಾಕ್ಯ ಹೇಳಿದ್ದು ಇಷ್ಟು: ನಲವತ್ತು ವರ್ಷ ನೇಯ್ದರು, ಈಗ ಬಿಟ್ಟಿದ್ದಾರೆ, ಅಥವಾ ಈಗ ಅವರೇ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರ ಪುಸ್ತಕಗಳಲ್ಲಿ ಈ ಕ್ರಿಯಾಪದವನ್ನು ಕೆಂಪು ಶಾಯಿಯಿಂದ ತಿದ್ದಿದ ನಾನು ರೂಪವನ್ನು ಕಲಿಸುವ ಉತ್ಸಾಹದಲ್ಲಿ ಕಾಲವನ್ನು ಮರೆತಿದ್ದೆ.

ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ‘ವೀವ್’ ಎಂಬ ಕ್ರಿಯಾಪದವನ್ನು ತಪ್ಪಿಸಿಕೊಳ್ಳುವ ಉಪಾಯವಿಲ್ಲ. ‘ನನ್ನ ತಂದೆ’ ಎಂಬ ಪ್ರಬಂಧ ಬರೆಯಲು ಹೇಳಿದರೆ ತರಗತಿಯ ಅರ್ಧ ಹುಡುಗರಿಗೆ ಮೊದಲ ವಾಕ್ಯದಲ್ಲಿಯೇ ಅದು ಬೇಕು. ಅದೋ ಅನಿಯಮಿತ ಕ್ರಿಯಾಪದ. ‘ವೀವ್, ವೋವ್, ವೋವನ್’ ಎಂದು ಮೂರು ರೂಪ. ಉಳಿದ ಸಾವಿರಾರು ಕ್ರಿಯಾಪದಗಳ ಹಾಗೆ ಬಾಲಕ್ಕೆ ‘ಡ್’ ಹಚ್ಚಿ ‘ವೀವ್ಡ್’ ಎಂದರೆ ಆಗದು. ನಮ್ಮ ಹುಡುಗರು ‘ವೀವ್ಡ್’ ಎಂದು ಬರೆದದ್ದನ್ನು ನಾನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ.

ಆ ಹುಡುಗರಲ್ಲಿ ಒಬ್ಬನನ್ನು ಇಂದಿಗೂ ನೆನೆಯುತ್ತೇನೆ. ಅವನು ‘ಮೈ ಫಾದರ್ ವೆಫ್ಟ್ ಎ ಸ್ಯಾರಿ’ ಎಂದು ಬರೆದಿದ್ದ. ‘ಲೀವ್’ ಎಂಬುದು ‘ಲೆಫ್ಟ್’ ಆಗುವುದಾದರೆ ‘ವೀವ್’ ಎಂಬುದು ‘ವೆಫ್ಟ್’ ಏಕೆ ಆಗಬಾರದು? ತರ್ಕದಲ್ಲಿ ಎಳ್ಳಷ್ಟೂ ದೋಷವಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ, ತರಗತಿಯೆಲ್ಲ ನಕ್ಕಿತು, ಹುಡುಗ ತಲೆ ತಗ್ಗಿಸಿದ. ಅಂದು ಸಂಜೆ ನಿಘಂಟನ್ನು ತೆರೆದು ನೋಡಿದರೆ ‘ವೆಫ್ಟ್’ ಎಂಬ ಪದ ಇಂಗ್ಲಿಷಿನಲ್ಲಿ ಉಂಟು! ಕ್ರಿಯಾಪದವಲ್ಲ, ನಾಮಪದ. ಅದರ ಅರ್ಥ ಹೊಕ್ಕು. ಹಾಸಿನ ಎಳೆಗಳ ನಡುವೆ ಲಾಳಿ ಹಾಯಿಸುವ ಅಡ್ಡ ನೂಲು. ‘ವೀವ್’ ಪದಕ್ಕೆ ಅದು ಒಂದೇ ಬೇರಿನ ಸಂಬಂಧಿ. ಬಟ್ಟೆಯ ಹಾಸಿಗೂ ಜೇಡನ ಬಲೆಗೂ ಹೇಳುವ ‘ವೆಬ್’ ಎಂಬುದೂ ಅದೇ ಮನೆತನದ್ದು. ನಮ್ಮಲ್ಲಿಯೂ ಬಲೆ ಕಟ್ಟುವ ಹುಳು ಜೇಡ, ಬಟ್ಟೆ ನೇಯುವವರು ಜೇಡರು; ಜೇಡರ ದಾಸಿಮಯ್ಯನ ಹೆಸರಿನಲ್ಲಿ ಆ ಪದ ಇನ್ನೂ ಬದುಕಿದೆ. ‘ವೆಬ್‌ಸ್ಟರ್’ ಎಂಬ ಮನೆತನದ ಹೆಸರಿಗೂ ಮೂಲದಲ್ಲಿ ನೇಯುವವಳು ಎಂದೇ ಅರ್ಥ. ಅಮೆರಿಕದ ಪ್ರಸಿದ್ಧ ನಿಘಂಟುಕಾರ ನೋವಾ ವೆಬ್‌ಸ್ಟರನ ಹಿರಿಯರಲ್ಲಿ ಯಾರೋ ಮಗ್ಗದ ಮುಂದೆ ಕುಳಿತಿರಬೇಕು. ಮರುದಿನ ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಆದರೆ ನಗುವಾಗ ಇದ್ದ ಕಿವಿಗಳು ವಿವರಣೆಯ ವೇಳೆಗೆ ಇರುವುದಿಲ್ಲ ಎಂಬುದು ಮಾಸ್ತರಿಕೆಯಲ್ಲಿ ನಾನು ಕಂಡುಕೊಂಡ ಸತ್ಯ.

ಸ್ವರವನ್ನು ಬದಲಿಸಿ ಭೂತಕಾಲವನ್ನು ಮಾಡಿಕೊಳ್ಳುವುದು ಇಂಗ್ಲಿಷಿನ ಬಹಳ ಹಳೆಯ ಪದ್ಧತಿ. ಹಳೆಯ ಇಂಗ್ಲಿಷಿನಲ್ಲಿ ಈ ಧಾತು ‘ವೆಫನ್’ ಎಂದಿತ್ತು. ಅದರ ಭೂತರೂಪಗಳಲ್ಲಿ ಇಂದಿನ ‘ಓ’ಕಾರ ಇರಲಿಲ್ಲ. ‘ಸ್ಪೋಕನ್’, ‘ಸ್ಟೋಲನ್’, ‘ಬ್ರೋಕನ್’ ಎಂಬ ನೆರೆಹೊರೆಯವರನ್ನು ನೋಡಿ ಅದು ಆಮೇಲೆ ‘ವೋವನ್’ ಆಯಿತು. ಅನಿಯಮಿತ ಎಂದು ನಾವು ದೂರುವ ಪದ ಹೀಗೆ ತನ್ನ ಓಣಿಯ ನಿಯಮವನ್ನು ಪಾಲಿಸುತ್ತಲೇ ಬಂದಿದೆ. ‘ಹೆಲ್ಪ್’ ಎಂಬುದಕ್ಕೂ ಒಂದು ಕಾಲದಲ್ಲಿ ‘ಹೋಲ್ಪ್’ ಎಂಬ ಭೂತರೂಪವಿತ್ತು. ಅದು ಸವೆದು ಹೋಗಿ ‘ಹೆಲ್ಪ್ಡ್’ ಉಳಿಯಿತು. ‘ವೋವ್’ ಮಾತ್ರ ಸವೆಯದೆ ಉಳಿದಿದೆ.

ಇಷ್ಟಕ್ಕೂ ನಾವು ಕನ್ನಡಿಗರು ಇಂಗ್ಲಿಷಿನ ಅನಿಯಮವನ್ನು ಕಂಡು ಹುಬ್ಬೇರಿಸುವುದು ತರವಲ್ಲ. ‘ಬಾಳು’ ಎಂಬುದು ‘ಬಾಳಿದ’ ಆಗುವಾಗ ‘ಬೀಳು’ ಏಕೆ ‘ಬಿದ್ದ’ ಆಗಬೇಕು? ‘ಕೂಡು’ ಎಂಬುದಕ್ಕೆ ‘ಕೂಡಿದ’, ‘ಕೊಡು’ ಎಂಬುದಕ್ಕೆ ‘ಕೊಟ್ಟ’. ‘ನಗು’ವವನು ‘ನಕ್ಕ’, ‘ಕಾಣು’ವವನು ‘ಕಂಡ’. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭೂತಕಾಲಕ್ಕೆ ‘ದ’ ಎಂಬ ಪ್ರತ್ಯಯವನ್ನು ಹೇಳಿದ್ದಾನೆ. ಆದರೆ ಆ ‘ದ’ ಧಾತುವಿಗೆ ಹತ್ತುವಾಗ ಪಡುವ ಪಾಡನ್ನು ವಿವರಿಸಲು ಅವನಿಗೂ ಅನೇಕ ಸೂತ್ರಗಳು ಬೇಕಾದವು. ಉತ್ತರ ಭಾರತದಿಂದ ನಮ್ಮ ಕಡೆಗೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದರು. ‘ಮಾಡು-ಮಾಡಿದ, ಓಡು-ಓಡಿದ’ ಎಂಬ ಸೂತ್ರ ಅವರ ಕೈಯಲ್ಲಿತ್ತು. ಒಂದು ದಿನ, ಸಾಲಕ್ಕಾಗಿ ಬಂದು ಕುಳಿತಿದ್ದ ರೈತನ ಮುಂದೆ ಅವರು ಹಸನ್ಮುಖರಾಗಿ ‘ನಿಮ್ಮ ಸಾಲದ ಕಾಗದ ತರಿದೆ’ ಎಂದರು. ‘ತಂದೆ’ ಎನ್ನಬೇಕಾಗಿತ್ತು. ‘ತರಿದೆ’ ಎಂದರೆ ಕತ್ತರಿಸಿ ಹಾಕಿದೆ ಎಂದಾಯಿತು. ರೈತ ಎದ್ದು ನಿಂತುಬಿಟ್ಟ.

‘ವೋವ್’ ಮತ್ತು ‘ವೋವನ್’ ಎಂಬ ಎರಡು ರೂಪಗಳಲ್ಲಿ ನಮ್ಮ ಹುಡುಗರು ಏಕೆ ಎಡವುತ್ತಾರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ‘ಅವನು ಸೀರೆ ನೇಯ್ದ’ ಎನ್ನುತ್ತೇವೆ. ‘ಅವನು ನೇಯ್ದ ಸೀರೆ’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ‘ನೇಯ್ದ’ ಎಂಬುದು ವಾಕ್ಯವನ್ನು ಮುಗಿಸುವ ಕ್ರಿಯಾಪದ. ಎರಡನೆಯದರಲ್ಲಿ ಅದು ಸೀರೆಯ ಬೆನ್ನು ಹತ್ತಿದ ಕೃದಂತ. ಎರಡು ಕೆಲಸ, ಆದರೆ ಒಂದೇ ರೂಪ. ಇಂಗ್ಲಿಷಿನ ನಿಯಮಿತ ಕ್ರಿಯಾಪದಗಳಲ್ಲಿಯೂ ಹೀಗೆಯೇ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ‘ವೀವ್’ ಮಾತ್ರ ಕೆಲಸಕ್ಕೊಂದು ರೂಪ ಇಟ್ಟುಕೊಂಡಿದೆ. ವಾಕ್ಯ ಮುಗಿಸುವುದಕ್ಕೆ ‘ವೋವ್’. ಸೀರೆಗೆ ವಿಶೇಷಣವಾಗುವುದಕ್ಕೆ ‘ವೋವನ್’. ‘ಕೈಯಿಂದ ನೇಯ್ದ ಸೀರೆ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಹ್ಯಾಂಡ್ ವೋವ್ ಸ್ಯಾರಿ’ ಎಂದು ಬರೆಯುವ ಹುಡುಗನು ಅಜ್ಞಾನಿಯಲ್ಲ. ಅವನ ಕನ್ನಡದ ಕಿವಿ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಅದು ‘ಹ್ಯಾಂಡ್‌ವೋವನ್’.

ಈ ‘ವೋವನ್’ ಎಂಬ ಕೃದಂತಕ್ಕೆ ಬೆಲೆಯುಂಟು. ವಿದ್ಯುತ್ ಮಗ್ಗದ ಪೈಪೋಟಿಯಿಂದ ಕೈಮಗ್ಗವನ್ನು ಕಾಪಾಡಲೆಂದು 1985ರಲ್ಲಿ ಕೇಂದ್ರ ಸರಕಾರ ಒಂದು ಕಾಯಿದೆಯನ್ನೇ ತಂದಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕೆಂಬುದು ಅದರ ತಾತ್ಪರ್ಯ. ಮೊದಲು 22 ಬಗೆಗಳಿದ್ದ ಮೀಸಲು ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ‘ಹ್ಯಾಂಡ್‌ವೋವನ್’ ಎಂದು ಚೀಟಿ ಹಚ್ಚಿದ ಸೀರೆಯನ್ನು ಪೇಟೆಯಲ್ಲಿ ಎತ್ತಿ ನೋಡುವ ಗಿರಾಕಿ ಆ ಒಂದು ಪದಕ್ಕಾಗಿ ಹೆಚ್ಚು ಹಣ ಕೊಡುತ್ತಾನೆ. ಅದು ನಿಜವೋ ಸುಳ್ಳೋ ಎಂಬುದು ವ್ಯಾಕರಣದ ಕೈಯಲ್ಲಿಲ್ಲದ ಪ್ರಶ್ನೆ.

‘ವೋವ್’ ಎಂಬ ರೂಪ ಕೃದಂತವಾಗಿ ಒಂದೇ ಒಂದು ಕಡೆ ಮರ್ಯಾದೆಯಿಂದ ಉಳಿದಿದೆ, ಸಾಹಿತ್ಯಪ್ರಿಯರಿಗೆ ಅದನ್ನು ಹೇಳದೆ ಮುಂದೆ ಹೋಗಲಾರೆ. ಕಾಗದದ ಜಾತಿಗಳಲ್ಲಿ ‘ವೋವ್ ಪೇಪರ್’ ಎಂಬುದೊಂದುಂಟು. ನೇಯ್ದ ತಂತಿಯ ಜಾಲರಿಯ ಮೇಲೆ ಮಾಡಿದ, ಗೆರೆಗಳಿಲ್ಲದ ನುಣುಪಾದ ಕಾಗದ. 1757ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಅಚ್ಚು ಹಾಕಿದ ವರ್ಜಿಲ್ ಕವಿಯ ಕೃತಿಸಂಪುಟದ ಒಂದು ಭಾಗ ಈ ಕಾಗದದ ಮೇಲಿದೆ. ಕಾಗದದವರಿಗೆ ಇರುವ ಆ ಸವಲತ್ತು ಸೀರೆಯವರಿಗಿಲ್ಲ.

ಇನ್ನು ನಿಷೇಧದ ಮಾತು. ‘ಐ ಡಿಡ್ ನಾಟ್ ವೋವ್’ ಎಂಬುದು ನಮ್ಮ ತರಗತಿಗಳ ಸರ್ವಸಾಧಾರಣ ತಪ್ಪು. ‘ನಿನ್ನೆಯ ಮಾತು, ಆದ್ದರಿಂದ ವೋವ್’ ಎಂದು ಹುಡುಗನ ಸಮರ್ಥನೆ. ಈ ತಪ್ಪಿಗೆ ಔಷಧ ನಮ್ಮ ಕನ್ನಡದಲ್ಲಿಯೇ ಇದೆ. ನನಗೆ ಅದು ಹೊಳೆದದ್ದು ನಿವೃತ್ತಿಯ ಹತ್ತಿರದಲ್ಲಿ. ‘ನೇಯ್ದೆ’ ಎಂಬುದನ್ನು ನಿಷೇಧಿಸುವಾಗ ನಾವು ಏನೆನ್ನುತ್ತೇವೆ? ‘ನೇಯಲಿಲ್ಲ’ ಎನ್ನುತ್ತೇವೆ. ‘ನೇಯ್ದಲಿಲ್ಲ’ ಎಂದು ಹೇಳುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ‘ನೇಯ್ದೆ’ ಎಂಬಲ್ಲಿದ್ದ ‘ದ’ಕಾರ ‘ಇಲ್ಲ’ ಬಂದೊಡನೆ ಹೊರಟುಹೋಯಿತು. ಧಾತು ತನ್ನ ಮೂಲ ರೂಪಕ್ಕೆ ಮರಳಿತು. ಇಂಗ್ಲಿಷಿನ ‘ಡಿಡ್’ ಕೂಡ ಕಾಲದ ಭಾರವನ್ನೆಲ್ಲ ತಾನೇ ಹೊತ್ತುಕೊಂಡು ಕ್ರಿಯಾಪದವನ್ನು ಹಗುರ ಮಾಡುತ್ತದೆ. ‘ಡಿಡ್ ನಾಟ್ ವೀವ್.’ ಇದನ್ನು ಹೀಗೆ ಹೇಳಿಕೊಟ್ಟ ತರಗತಿಯಲ್ಲಿ ಆ ತಪ್ಪು ಮತ್ತೆ ಹೆಚ್ಚಾಗಿ ಕಾಣಿಸಲಿಲ್ಲ. ಅದಕ್ಕೂ ಮುಂಚಿನ ಎಲ್ಲ ತರಗತಿಗಳ ಕ್ಷಮೆಯನ್ನು ನಾನು ಕೇಳಬೇಕು.

ನಾವು ಕಲಿತ ಕಾಲದಲ್ಲಿ ಕನ್ನಡವನ್ನು ಹಿಡಿದುಕೊಂಡು ಇಂಗ್ಲಿಷನ್ನು ವಿವರಿಸುವ ರೂಢಿ ಇರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರದು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಶಾಲೆ-ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ನಮ್ಮ ಹಿರಿಯರು ತರ್ಖಡಕರರ ಭಾಷಾಂತರ ಪಾಠಮಾಲೆಯನ್ನು ಉರುಹೊಡೆದು ಮರಾಠಿಯ ಮೂಲಕ ಇಂಗ್ಲಿಷಿಗೆ ಹೋದವರು. ಆ ದಾರಿಯಿಂದಲೇ ದೊಡ್ಡವರಾದವರೂ ಇದ್ದಾರೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಅಲ್ಲಿಯ ಪರಶುರಾಮಭಾವೂ ಹೈಸ್ಕೂಲಿನಲ್ಲಿ ಕಲಿತ ಗುರುದೇವ ರಾನಡೆಯವರು 1926ರಲ್ಲಿ ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ. ನಮ್ಮಂಥ ಸಾಮಾನ್ಯರ ಪಾಲಿಗೆ ಬಂದದ್ದು ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. ಆ ರೆನ್ ಮಹಾಶಯರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಇದ್ದವರು. 1924ರಲ್ಲಿ ‘ಬೊ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನು ಬರೆದು ಹೆಸರಾದವರು. ಅವರ ಕಾದಂಬರಿಯಲ್ಲಿ ಮರುಭೂಮಿ, ಕೋಟೆ, ಗುಂಡಿನ ಕಾಳಗ ಎಲ್ಲ ಉಂಟು. ವ್ಯಾಕರಣದಲ್ಲಿ ನಮಗೆ ದೊರೆತದ್ದು ಮರುಭೂಮಿ ಮಾತ್ರ. ಅನಿಯಮಿತ ಕ್ರಿಯಾಪದಗಳ ಆ ಉದ್ದದ ಪಟ್ಟಿಗಳನ್ನು ಮಗ್ಗಿಯಂತೆ ಒಪ್ಪಿಸಿದೆವು. ಪಟ್ಟಿಯಲ್ಲಿ ರೂಪಗಳಿದ್ದವು. ಯಾವ ರೂಪವನ್ನು ಯಾವ ಸಮಯಕ್ಕೆ ಹೊರತೆಗೆಯಬೇಕೆಂಬುದನ್ನು ಪಟ್ಟಿ ಹೇಳಲಾರದು.

ನನ್ನ ಅರ್ಜಿ ಕೆಟ್ಟದ್ದು ಅಲ್ಲಿಯೇ. ಕನ್ನಡದಲ್ಲಿ ‘ನಿನ್ನೆ ನೇಯ್ದ’ ಎನ್ನಬಹುದು, ‘ನಿನ್ನೆ ನೇಯ್ದಿದ್ದಾನೆ’ ಎಂದೂ ಎನ್ನಬಹುದು, ಎರಡೂ ಶುದ್ಧ. ಇಂಗ್ಲಿಷಿನಲ್ಲಿ ‘ನಿನ್ನೆ’ ಬಂದರೆ ‘ವೋವ್’ ಮಾತ್ರ. ‘ಹ್ಯಾಜ್ ವೋವನ್’ ಮತ್ತು ‘ನಿನ್ನೆ’ ಒಂದೇ ಮನೆಯಲ್ಲಿ ಇರಲಾರವು. ‘ಹ್ಯಾಜ್’ ಎಂಬುದು ವರ್ತಮಾನದ ಪದ; ಅದರ ಒಂದು ಕಾಲು ಇಂದಿನಲ್ಲಿ ಊರಿದೆ. ಮುಗಿದು ಮುಚ್ಚಿಹೋದ ಸಮಯವನ್ನು ಹೆಸರಿಸಿದೊಡನೆ ಆ ಕಾಲು ನೆಲೆ ತಪ್ಪುತ್ತದೆ. ಆದ್ದರಿಂದ ನಿನ್ನೆ, ಹೋದ ವರ್ಷ, 1972ರಲ್ಲಿ ಎಂಬ ಮಾತುಗಳ ಜೊತೆಗೆ ‘ವೋವ್’. ಈ ವಾರ, ಇದುವರೆಗೆ, ಅಂದಿನಿಂದ ಎಂಬ ಮಾತುಗಳ ಜೊತೆಗೆ ‘ಹ್ಯಾಜ್ ವೋವನ್’.

ಮುಧೋಳದ ಹುಡುಗರು ‘ರನ್ನ ಹ್ಯಾಜ್ ರಿಟನ್ ಗದಾಯುದ್ಧ’ ಎಂದು ಬರೆಯುವುದುಂಟು. ಬರೆಯದೆ ಏನು ಮಾಡಿಯಾರು? ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮಹಾಕವಿ ಅವರ ಊರಿನವನು. ಕನ್ನಡದಲ್ಲಿ ‘ರನ್ನ ಗದಾಯುದ್ಧವನ್ನು ಬರೆದಿದ್ದಾನೆ’ ಎಂಬುದು ಸಹಜವಾದ ವಾಕ್ಯ. ಸಾವಿರ ವರ್ಷಗಳ ಹಿಂದಿನ ಕವಿಯನ್ನು ಕನ್ನಡ ‘ಇದ್ದಾನೆ’ ಎಂದು ಇನ್ನೂ ಊರಿನಲ್ಲಿಯೇ ಇರಿಸಿಕೊಳ್ಳುತ್ತದೆ. ಇಂಗ್ಲಿಷಿಗೆ ಆ ಸಲಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಗತಿಸಿದವನ ಕೆಲಸಕ್ಕೆ ಅದು ‘ರೋಟ್’ ಎನ್ನುತ್ತದೆ, ‘ವೋವ್’ ಎನ್ನುತ್ತದೆ. ಕಚೇರಿಯವರು ಕಾಕಾ ಅವರನ್ನು ಎಲ್ಲಿಗೆ ಕಳಿಸಿದ್ದರೆಂಬುದು ಈಗ ಸ್ಪಷ್ಟವಾಗಿರಬೇಕು.

ರನ್ನನ ಮಾತು ಬಂದದ್ದರಿಂದ ‘ಹ್ಯಾಡ್ ವೋವನ್’ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮವರಿಗೆ ‘ಹ್ಯಾಡ್’ ಎಂದರೆ ಬಲು ಪ್ರೀತಿ. ‘ನಿನ್ನೆ ಬೀಳಗಿಗೆ ಹೋಗಿದ್ದೆ’ ಎಂಬುದು ಕನ್ನಡದ ನೇರ ವಾಕ್ಯ. ಅದನ್ನೇ ಎತ್ತಿ ‘ಐ ಹ್ಯಾಡ್ ಗಾನ್ ಟು ಬೀಳಗಿ ಯೆಸ್ಟರ್‌ಡೇ’ ಎಂದು ಇಡುತ್ತೇವೆ. ಇಂಗ್ಲಿಷ್ ಓದುಗ ‘ಸರಿ, ಆಮೇಲೆ ಏನಾಯಿತು?’ ಎಂದು ಕಾಯುತ್ತ ಕೂಡುತ್ತಾನೆ. ಏಕೆಂದರೆ ‘ಹ್ಯಾಡ್’ ಬರುವುದು ಭೂತಕಾಲದಲ್ಲಿ ನಿಂತು ಅದರ ಹಿಂದಿನ ಭೂತಕಾಲವನ್ನು ತಿರುಗಿ ನೋಡುವಾಗ ಮಾತ್ರ. ‘ಸಾಹುಕಾರ ಬರುವ ಹೊತ್ತಿಗೆ ಅವಳು ಸೆರಗನ್ನು ನೇಯ್ದಿದ್ದಳು’: ಇಲ್ಲಿ ‘ಹ್ಯಾಡ್ ವೋವನ್’ ಬೇಕೇ ಬೇಕು. ಅಲ್ಲಿ ‘ವೋವ್’ ಎಂದರೆ ಸಾಹುಕಾರ ಬಂದ ಮೇಲೆ ಅವಸರವಸರವಾಗಿ ನೇಯ್ದಳೆಂಬ ಭಾಸವಾಗುತ್ತದೆ. ಸೀರೆ ತಡವಾದ ಕಾರಣಕ್ಕೆ ಅವಳ ಕೂಲಿಯೂ ಮುರಿದೀತು. ರನ್ನನು ಗದಾಯುದ್ಧದಲ್ಲಿ ಮಹಾಭಾರತದ ಕೊನೆಯ ಕಾಳಗದ ಮೇಲೆ ನಿಂತುಕೊಂಡು ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನದಿಂದ ಹೇಳಿದ. ಸಿಂಹವು ನಡೆಯುತ್ತ ಹೋಗಿ ಕತ್ತು ತಿರುಗಿಸಿ ಹಿಂದೆ ನೋಡುವ ಆ ಭಂಗಿಯೇ ‘ಹ್ಯಾಡ್’. ಮುಂದೆ ನಡೆಯುವ ದಾರಿಯೇ ಇಲ್ಲದಿದ್ದರೆ ತಿರುಗಿ ನೋಡುವುದು ಎಲ್ಲಿಂದ? ಮುಧೋಳದ ತರಗತಿಗಳಲ್ಲಿ ಈ ಉದಾಹರಣೆ ಎಂದೂ ಹುಸಿಹೋಗಲಿಲ್ಲ.

‘ವೀವ್ಡ್’ ಎಂಬುದನ್ನು ಹೊಡೆದುಹಾಕುತ್ತಿದ್ದೆ ಎಂದೆನಲ್ಲ, ಅದರಲ್ಲಿಯೂ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಇನ್ನೊಂದು ‘ವೀವ್’ ಉಂಟು. ಎಡಕ್ಕೂ ಬಲಕ್ಕೂ ನುಸುಳುತ್ತ ಸಾಗುವುದು ಎಂದು ಅದರ ಅರ್ಥ. ಕೇಳುವುದಕ್ಕೆ ಲಾಳಿಯ ಓಡಾಟದ ನೆನಪು ಬಂದರೂ ಅದು ಬೇರೆ ಧಾತು. ಸ್ಕ್ಯಾಂಡಿನೇವಿಯಾದ ಹಳೆಯ ನುಡಿಯಿಂದ ಬಂದಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಕಬ್ಬು ನುರಿಸುವ ಕಾಲದಲ್ಲಿ ಮುಧೋಳದ ರಸ್ತೆಗಳನ್ನು ನೋಡಿದವರಿಗೆ ಇದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಕಬ್ಬು ಹೇರಿದ ಟ್ರೇಲರುಗಳನ್ನು ಕಟ್ಟಿಕೊಂಡು ಟ್ರ್ಯಾಕ್ಟರುಗಳು ಸಾಲಾಗಿ ಹೊರಟಿರುವಾಗ ಮೋಟರ್ ಸೈಕಲ್ಲಿನ ಹುಡುಗ ಅವುಗಳ ಸಂದಿಯಲ್ಲಿ ತೂರಿಕೊಂಡು ಹೋದನೆನ್ನಿ. ಆಗ ‘ಹೀ ವೀವ್ಡ್ ಥ್ರೂ ದಿ ಟ್ರ್ಯಾಫಿಕ್’ ಎಂಬುದೇ ಸರಿಯಾದ ಮಾತು. ನೇಕಾರ ‘ವೋವ್’, ಬೈಕಿನವನು ‘ವೀವ್ಡ್’.

ಕಾಲದ ಈ ಪ್ರಶ್ನೆ ಅನಿಯಮಿತ ಕ್ರಿಯಾಪದಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಮುಳುಗಿದವು. ಆ ದಿನಗಳಲ್ಲಿ ಆ ಕಡೆಯ ಪರಿಚಿತರೊಬ್ಬರಿಗೆ ಎರಡು ಕಾಗದಗಳನ್ನು ಬರೆದುಕೊಟ್ಟಿದ್ದೆ. ಮೊದಲನೆಯದು ಊರು ಬಿಡುವ ಮುನ್ನ: ‘ನಾವು ಮೂರು ತಲೆಮಾರಿನಿಂದ ಇಲ್ಲಿ ವಾಸಿಸುತ್ತ ಬಂದಿದ್ದೇವೆ’, ‘ಹ್ಯಾವ್ ಲಿವ್ಡ್’. ಎರಡನೆಯದು ನೀರು ಬಂದ ಮೇಲೆ. ‘ಹ್ಯಾವ್’ ಎಂಬುದನ್ನು ತೆಗೆದುಹಾಕಿದೆ. ‘ಲಿವ್ಡ್’ ಎಂಬುದು ನಿಯಮಿತ ಕ್ರಿಯಾಪದ. ಎರಡು ಕಾಗದಗಳಲ್ಲಿಯೂ ಅದರ ರೂಪ ಒಂದೇ. ಬದಲಾದದ್ದು ಊರು.

ಕಾಕಾ ಅವರ ಅರ್ಜಿಗೆ ಮರಳುತ್ತೇನೆ. ಎರಡನೆಯ ಸಲ ಬರೆಯಲು ಕುಳಿತಾಗ ಮೊದಲು ಕನ್ನಡದಲ್ಲಿ ಬರೆದುಕೊಂಡೆ. ‘ನಲವತ್ತು ವರ್ಷಗಳಿಂದ ನೇಯುತ್ತಿದ್ದಾರೆ.’ ಇದನ್ನು ಪದಕ್ಕೆ ಪದ ಇಟ್ಟರೆ ‘ಈಜ್ ವೀವಿಂಗ್ ಸಿನ್ಸ್ ಫಾರ್ಟಿ ಇಯರ್ಸ್’ ಎಂದಾಗುತ್ತದೆ. ನಮ್ಮ ದೇಶದ ಕಚೇರಿಗಳಲ್ಲೆಲ್ಲ ಕಾಣುವ ಈ ವಾಕ್ಯದ ಅರ್ಥ ಯಾರಿಗಾದರೂ ಆದೀತು, ಆದರೆ ಅದು ಇಂಗ್ಲಿಷ್ ಅಲ್ಲ. ‘ಈಜ್ ವೀವಿಂಗ್’ ಈ ಗಳಿಗೆಯನ್ನಷ್ಟೇ ಹಿಡಿಯುತ್ತದೆ, ನಲವತ್ತು ವರ್ಷವನ್ನು ಹಿಡಿಯಲಾರದು. ‘ಸಿನ್ಸ್’ ಎಂಬುದಕ್ಕೆ ಆರಂಭದ ಒಂದು ಬಿಂದು ಬೇಕು, ಇಂಥ ಇಸವಿಯಿಂದ ಎಂಬ ಹಾಗೆ. ಅವಧಿಯನ್ನು ಹೇಳಲು ‘ಫಾರ್’. ಆಮೇಲೆ ಕನ್ನಡದ ವಾಕ್ಯವನ್ನೇ ಬದಲಿಸಿದೆ: ‘ನಲವತ್ತು ವರ್ಷ ನೇಯುತ್ತ ಬಂದಿದ್ದಾರೆ.’ ‘ಬಂದಿದ್ದಾರೆ’ ಎಂಬಲ್ಲಿ ಹಿಂದಿನಿಂದ ಇಲ್ಲಿಯವರೆಗಿನ ದಾರಿಯೂ ಇದೆ, ‘ಇದ್ದಾರೆ’ ಎಂಬ ಇರವೂ ಇದೆ. ಇಂಗ್ಲಿಷಿನ ‘ಹ್ಯಾಜ್ ಬೀನ್ ವೀವಿಂಗ್’ ಅದರ ಪಕ್ಕದಲ್ಲಿ ತಾನಾಗಿಯೇ ಬಂದು ನಿಂತಿತು. ‘ಹ್ಯಾಜ್ ವೋವನ್’ ಎಂದರೂ ತಪ್ಪಾಗುತ್ತಿರಲಿಲ್ಲ. ಕೆಲಸ ಇನ್ನೂ ನಡೆದಿದೆ ಎಂಬುದನ್ನು ಒತ್ತಿ ಹೇಳಬೇಕಾಗಿದ್ದುದರಿಂದ ‘ವೀವಿಂಗ್’ ಎಂದೆ. ಒಮ್ಮೆ ಸುಟ್ಟುಕೊಂಡವನು ನಾನು, ಆದ್ದರಿಂದ ಕೊನೆಗೆ ‘ಮತ್ತು ಈಗಲೂ ನೇಯುತ್ತಾರೆ’ ಎಂಬ ಇನ್ನೊಂದು ವಾಕ್ಯವನ್ನೂ ಸೇರಿಸಿದೆ.

ಇಂಗ್ಲಿಷಿನ ಕಾಲರೂಪವನ್ನು ಆರಿಸುವ ಮುನ್ನ ಕನ್ನಡದ ವಾಕ್ಯವನ್ನು ಒಂದಕ್ಕೆರಡು ಸಲ ತಿರುಗಿಸಿ ನೋಡುವ ಈ ಅಭ್ಯಾಸವನ್ನು ಆಮೇಲೆ ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟಿದ್ದೇನೆ. ‘ನೇಯ್ದರು’ ಎನ್ನುತ್ತೀಯೋ, ‘ನೇಯುತ್ತ ಬಂದಿದ್ದಾರೆ’ ಎನ್ನುತ್ತೀಯೋ, ಮೊದಲು ನಿಶ್ಚಯ ಮಾಡು. ‘ನೇಯ್ದಿದ್ದಾರೆ’ ಎಂದರೆ ಮಾತ್ರ ಎಚ್ಚರ. ಅದು ಎರಡೂ ಕಡೆ ಸಲ್ಲುವ ಮಾತು. ಪಕ್ಕದಲ್ಲಿ ‘ನಿನ್ನೆ’ ಇಟ್ಟು ನೋಡು, ‘ಇದುವರೆಗೆ’ ಇಟ್ಟು ನೋಡು. ಯಾವುದು ಒಪ್ಪುತ್ತದೆಯೋ ಅದರ ಮೇಲೆ ‘ವೋವ್’ ಅಥವಾ ‘ಹ್ಯಾಜ್ ವೋವನ್’. ಉರುಹೊಡೆಯುವುದು ಅದರ ಜೊತೆಗೆ ಇದ್ದೇ ಇರಲಿ. ಪಟ್ಟಿಯನ್ನು ಕಂಠಪಾಠ ಮಾಡದೆ ಅನಿಯಮಿತ ಕ್ರಿಯಾಪದವನ್ನು ಕಲಿತವರನ್ನು ನಾನು ಕಂಡಿಲ್ಲ.

ಎರಡನೆಯ ಅರ್ಜಿಗೆ ಫಲ ದೊರೆಯಿತು, ಎಂಟು ತಿಂಗಳ ತರುವಾಯ. ನೆರವು ದೊಡ್ಡದೇನೂ ಅಲ್ಲ. ಅದರಲ್ಲಿ ಮಗ್ಗದ ಮೇಲಿನ ಮಾಳಿಗೆಯ ಸೋರಿಕೆ ನಿಂತಿತು. ‘ಈ ಸಲ ಕುಂಡ್ರಿಸಿದ್ರಿ’ ಎಂದು ಕಾಕಾ ನಕ್ಕರು. ಆ ಮೇಲೆಯೂ ಅವರು ಹನ್ನೊಂದು ವರ್ಷ ನೇಯ್ದರು.

ಅವರು ತೀರಿಕೊಂಡ ತಿಂಗಳಲ್ಲಿ ಅವರ ಮಗ ಇನ್ನೊಂದು ಕಾಗದವನ್ನು ಬರೆಸಿಕೊಳ್ಳಲು ಬಂದ. ತಾಯಿಯ ಹೆಸರಿಗೆ ಏನೋ ವರ್ಗಾಯಿಸಬೇಕಾಗಿತ್ತು. ‘ಅಪ್ಪಾರ ಬಗ್ಗೆ ನೀವ ಬರೀಬೇಕ್ರಿ’ ಎಂದ. ನಾನು ಬರೆದೆ: ‘ಹೀ ವೋವ್ ಸ್ಯಾರೀಸ್ ಆನ್ ದಿ ಹ್ಯಾಂಡ್‌ಲೂಮ್ ಫಾರ್ ಫಿಫ್ಟಿ ವನ್ ಇಯರ್ಸ್.’ ಓದಿ ನೋಡಿದೆ. ತಿದ್ದುವಂಥದೇನೂ ಇರಲಿಲ್ಲ.